ಅಟ್ಟೆ

ಮೊದಲ ಸಲ ಆಕಿ ತಂದದ್ದು ಪರದೇಶದವರು ಬಿಟ್ಟುಹೋದ ಜೋಡು,
ಬಾಳೆಹಣ್ಣಿನಂಗ ಬಾಗಿದ್ದು, ಮುಂದ ಗಿಣಿಮೂಗು.
"ಇದು ನಿನಗ ಸಣ್ಣದವ್ವ" ಅಂದೆ.
"ಸಣ್ಣದ ಇರಬೇಕು ಕಾಕಾ, ಬೆರಳು ಮಡಚಿ ಕೂಡಬೇಕು."
ಗಂಗಾವತಿ ಬಸ್‌ಸ್ಟ್ಯಾಂಡಿನ ಗ್ವಾಡಿ ಮಗ್ಗಲ
ಮೂವತ್ತು ವರ್ಷ ಕುಂತೀನಿ,
ಸಣ್ಣ ಜೋಡು ಬೇಡಿದ ಕಾಲು ಅದ ಮೊದಲು.

ಸಾಣಾಪುರದ ಹುಲಿಗೆಮ್ಮ. ಅಪ್ಪ ಕಲ್ಲು ಒಡೀತಿದ್ದ,
ಗುಂಡಗ ನಿಂತದ್ದನ್ನ ಚೌಕ ಮಾಡಿ ಮಾರತಿದ್ದ.
ಮಗಳು ಅದ ಕಲ್ಲು ಹಿಡಿದು, ಒಡೀದಂಗ, ಮ್ಯಾಲ ಹೋಗಾಕಿ.
ಇಬ್ಬರ ಅಂಗೈಯೂ ಒಂದ ನಮೂನಿ ಜಡ್ಡುಗಟ್ಟಿದ್ದವು.

ಮಂದಿ ಮುಖ ನೋಡಿ ಹಣೆಬರಹ ಹೇಳತಾರ, ನಾನು ಅಟ್ಟೆ ನೋಡಿ.
ಸವೆದದ್ದು ಹಿಮ್ಮಡ ಅಲ್ಲ,
ಹೆಬ್ಬೆರಳಿನ ಒಳಮೂಲಿ, ಎಂಟಾಣೆಯಷ್ಟು ಜಾಗ.
ಇಡೀ ಮೈ ಆ ಎಂಟಾಣೆ ಮ್ಯಾಲ ನಿಲ್ಲತೈತಿ ಅಂತ
ಆಗ ನನಗ ತಿಳೀಲಿಲ್ಲ.
ಲಾರಿ ಟೈರು ಕೊಯ್ದು ಹಚ್ಚಿದೆ.
ಗಟ್ಟಿ ಮಾಲು, ಹತ್ತು ವರ್ಷ ಬರತೈತಿ ಅಂದೆ.
ಇಪ್ಪತ್ತು ರೂಪಾಯಿ ಇಸಕೊಂಡೆ.

ಹನ್ನೊಂದು ದಿನಕ್ಕ ಬಂದ್ಲು, ಕೋಲು ಊರಿ,
ಎಡಗಾಲಿಗೆ ಮೊಣಕಾಲ ಮಟ ಪಟ್ಟಿ.
"ಟೈರು ಜಾರತೈತಿ ಕಾಕಾ.
ಕಲ್ಲಿಗೆ ಗಟ್ಟಿದು ಬ್ಯಾಡ, ಅಂಟೂದು ಬೇಕು."
ಬೈಲಿಲ್ಲ. ಬೈದಿದ್ದರ ಹಗುರ ಆಗತಿತ್ತು.
ರೊಕ್ಕ ತಿರುಗಿ ಕೊಡಾಕ ಹೋದರ
"ಇಟ್ಕೋ, ಚಾ ತರಸು" ಅಂದ್ಲು.
ರಂಪಿಗೆ ಮಸಿಯೋ ನನ್ನ ಕಲ್ಲು ತಿರುವಿ ನೋಡಿ
"ಇದೂ ನಮ್ಮ ಗುಡ್ಡದ್ದ" ಅಂದ್ಲು.

ಆಮ್ಯಾಲ ರಬ್ಬರ್ ಹಾಳಿ ತಂದ್ಲು, ಕೊರಿಯರಿನ್ಯಾಗ ಬಂದದ್ದು,
ಕರಿ ಹೋಳಿಗಿಯಂಗ ಮೆತ್ತಗ.
ಅಂಚು ಕೊಯ್ಯುವಾಗ ಉಸಿರು ಬಿಡಬಾರದು.
ಎರಡು ಜೋಡು ಕೆಡಿಸಿ ಕಲಿತೆ.

ಅಲ್ಲಿಂದ ಮುಂದ ಆಕಿ ಊರೂರು:
ಗ್ವಾಡಿ ಹತ್ತೋ ಪಂದ್ಯ ಅಂತ ಬೆಂಗಳೂರು, ಜಮ್ಶೆಡ್‌ಪುರ,
ಆಮ್ಯಾಲ ವಿಮಾನದ ಊರುಗಳು.
ಹೆಸರು ಹೇಳತಿದ್ಲು, ನನ್ನ ತಲ್ಯಾಗ ನಿಲ್ಲತಿರಲಿಲ್ಲ.
ಅಟ್ಟೆ ಹೇಳತಿತ್ತು: ಹಲಗಿ ಗ್ವಾಡಿ ಹತ್ತಿದ್ದರ
ಎಣ್ಣಿ ಸವರಿದಂಗ ಮಿಂಚು,
ನಮ್ಮ ಬಂಡೆ ಹತ್ತಿದ್ದರ ತುರಿಮಣಿಗೆ ಸಿಕ್ಕ ಕೊಬ್ಬರಿ.
ಗೆದ್ದ ವರ್ಷ ಯಾವುದೋ ಕಂಪನಿ
ಮೂರು ತಿಂಗಳಿಗೊಮ್ಮೆ ಹೊಸ ಜೋಡು ಕೊಟ್ಟಿತಂತ.
ಎರಡು ವರ್ಷ ಬರಲಿಲ್ಲ.
ಬರದಿದ್ದರ ಚಲೋ ಅದಾಳ ಅಂತ ಲೆಕ್ಕ.
ಹಂಗ ಅಂದ್ಕೊಂಡು ಶಾಲಿ ಬೂಟು ಹೊಲಿದೆ, ಮದುವಿ ಚಪ್ಪಲಿ ಹೊಲಿದೆ.

ಮತ್ತ ಬಂದಾಗ
ಎಡಗಾಲಿನ ಅಟ್ಟೆ ಹೊಸದಿದ್ದಂಗ,
ಬಲಗಾಲಿಂದು ಅರಿವಿ ಕಾಣೂ ಮಟ ಸವೆದಿತ್ತು.
"ಎಡಗಾಲಿಗೆ ಭಾರ ಹಾಕವಲ್ಲಿ" ಅಂದೆ.
ಸುಮ್ಮನ ನನ್ನ ನೋಡಿದ್ಲು. ಡಾಕ್ಟರಿಗೂ ಹೇಳಿರಲಿಲ್ಲಂತ.
ನನ್ನ ಟೈರಿನ ಕಾಲು ಅದು.
ಇಬ್ಬರೂ ಆ ಮಾತು ಎತ್ತಲಿಲ್ಲ.

ಮೊನ್ನೆ ಗೋಣಿಚೀಲ ತಂದು ಸುರುವಿದ್ಲು.
ಇಪ್ಪತ್ತೊಂದು ಜೋಡು, ಎಲ್ಲಾ ಚೋಟು ಕಾಲಿನವು,
ಅನಗುಂದಿ ಸಾಣಾಪುರದ ಹುಡುಗರವು.
"ಈಗ ನಾ ಗಿರಾಕಿ. ರೇಟು ಹೇಳು."
ಹೇಳಿದೆ. ಅರ್ಧಕ್ಕ ಕೇಳಿದ್ಲು. ಸಮಾಧಾನ ಆತು.

ಐತವಾರ ಕರಕೊಂಡು ಹೋದ್ಲು.
ಭತ್ತದ ಗದ್ದಿ ದಾಟಿ ಬಂಡೆ ನೆಳ್ಳಾಗ ಕುಂತೆ.
ಹುಡುಗರಿಗೆ ತೋರಸಾಕ ತಾನ ಹತ್ತಿದ್ಲು.

ಈ ಊರಿನ ಮಂದಿ ಮೆಟ್ಟಿದ್ದೆಲ್ಲಾ ನಾ ಹೊಲಿದದ್ದ ಖರೆ,
ಆದರ ಅಟ್ಟೆ ನೆಲಕ್ಕ ಮುಖ ಮಾಡಿರತೈತಿ, ಯಾರು ನೋಡ್ಯಾರು?
ಇಲ್ಲಿ ಎಲ್ಲಾರೂ ಕತ್ತೆತ್ತಿ ನೋಡೂದು ಅಟ್ಟೆನ.
ಎರಡಾಳೆತ್ತರದಾಗ ನಾ ಕೊಯ್ದ ಅಂಚು,
ಜೋಳದ ಕಾಳಿನಷ್ಟು ಉಬ್ಬಿನ ಮ್ಯಾಲ ಎಡಗಾಲ ಎಂಟಾಣೆ.
ಕಾಲು ನಡಗಿತು.
ನಾ ಕೆಳಗ ಖಾಲಿ ಕೈಯಾಗ ರಂಪಿಗೆ ಹಿಡಿದವರಂಗ ಬಿಗಿ ಹಿಡಿದಿದ್ದೆ.
ನಿಂತಿತು.

"ಅಜ್ಜಾ, ನೀ ಹತ್ತೂದಿಲ್ಲೇನು?" ಒಬ್ಬ ಹುಡುಗ ಕೇಳಿದ.
ಚಪ್ಪಲಿ ಬಿಟ್ಟೆ. ಉಂಗುಟ ಹರಿದು ತಿಂಗಳಾಗಿತ್ತು,
ಹೊಲ್ಕೊಳ್ಳಾಕ ಪುರಸೊತ್ತಿಲ್ಲ.
ಬಂಡೆ ಹಂಚಿನಂಗ ಕಾದಿತ್ತು.